ಬಿಂದು ಕ್ಯಾಂಟರ್ ಮಾರಿದ್ದು

ಗಾಡಿ ನೋಡಲು ಬಂದ ಹುಡುಗನಿಗೆ ಗಾಡಿ ಹಿಡಿಸಿತು. ಕುಶಾಲ್ ಅಂತ ಅವನ ಹೆಸರು. ಕನಕಪುರ ರಸ್ತೆಯಲ್ಲಿ ಹೂಗಿಡಗಳ ನರ್ಸರಿ ಇಟ್ಟುಕೊಂಡಿದ್ದ. ಟೈರುಗಳನ್ನು ಒದ್ದು ನೋಡಿದ, ಹಿಂದಿನ ಹಲಗೆಗಳನ್ನು ತಟ್ಟಿ ನೋಡಿದ, ಮೊಬೈಲಿನ ಲೈಟು ಹಿಡಿದು ಗಾಡಿಯ ಕೆಳಗೆಲ್ಲ ಬಗ್ಗಿ ಪರೀಕ್ಷಿಸಿದ. ತಾನೇ ತಂದಿದ್ದ ಬ್ಯಾಟರಿ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಿ ಶಬ್ದ ಕೇಳಿದ. ಆ ಹೊತ್ತಿಗೆ ಬಿಂದು ರಸ್ತೆಯ ಆಚೆ ಬದಿಗೆ ಹೋಗಿ, ಗಾಡಿಗೆ ಬೆನ್ನು ಮಾಡಿ ನಿಂತಿದ್ದಳು.

"ಅಕ್ಕ, ಗಾಡಿ ಚೆನ್ನಾಗಿದೆ. ನಾಳೆನೇ ತಗೊಂಡ್ಹೋಗ್ತೀನಿ," ಅಂದ ಕುಶಾಲ್ ಕೈ ಒರೆಸಿಕೊಳ್ಳುತ್ತ.

"ನಾಳೆ ಆಗಲ್ಲ. ಮೊದ್ಲು ಅದಕ್ಕೆ ನ್ಯೂಟ್ರಲ್ ಸ್ವಿಚ್ ಹಾಕಿಸ್ಬೇಕು. ಹಾಕಿಸಿದ್ಮೇಲೇನೇ ಕೊಡೋದು."

ಕುಶಾಲ್ ನಕ್ಕುಬಿಟ್ಟ. "ಅಯ್ಯೋ, ಅದಾ? ನೋಡ್ದೆ ಅಕ್ಕ. ಯಾರೋ ವೈರ್ ಡೈರೆಕ್ಟ್ ಮಾಡಿದಾರೆ. ಒಳ್ಳೇದೇ ಆಯ್ತು ಬಿಡಿ, ತಲೆನೋವಿಲ್ಲ. ಅರ್ಧ ಬೆಂಗ್ಳೂರಿನ ಗಾಡಿಗಳು ಹಂಗೇ ಓಡ್ತಾವೆ."

"ಹಾಕಿಸ್ದೆ ಕೊಡಲ್ಲ. ಬೇಡ ಅಂದ್ರೆ ಬಿಟ್ಬಿಡಿ, ಬೇರೆಯವ್ರು ತಗೋತಾರೆ."

ಅವಳ ದನಿ ಏರಿರಲಿಲ್ಲ. ಆದರೂ ಕುಶಾಲ್ ಮುಖದ ಮೇಲಿನ ನಗು ತಾನಾಗಿಯೇ ಇಳಿಯಿತು. ಗಾಡಿಯ ಬಗ್ಗೆ ತನಗೆ ಹೇಳದೆ ಉಳಿದದ್ದು ಏನೋ ಇದೆ ಎಂದು ಅವನಿಗೆ ಹೊಳೆದಿರಬೇಕು. "ಆಯ್ತಕ್ಕ, ಹಾಕ್ಸಿ. ನಂಗೂ ಹೇಳಿ, ನಾನೇ ಓಡಿಸ್ಕೊಂಡು ಬರ್ತೀನಿ ಗ್ಯಾರೇಜ್‌ಗೆ," ಅಂದ.

ಬಿಂದು ಹುಟ್ಟಿ ಬೆಳೆದದ್ದೆಲ್ಲ ಶ್ರೀರಾಂಪುರದಲ್ಲೇ. ಅಪ್ಪ ಮಿಲ್ಲಿಗೆ ಹೋಗುತ್ತಿದ್ದವನು. ಮಿಲ್ಲು ಮುಚ್ಚಿದ ಮೇಲೆ ಮಲ್ಲೇಶ್ವರದ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್ ಆಗಿ, ಅಲ್ಲೇ ಕುರ್ಚಿಯ ಮೇಲೆ ಕೂತಲ್ಲೇ ತೀರಿಕೊಂಡವನು. ಪಿಯುಸಿ ಮುಗಿಸಿದ ಬಿಂದು ನಗರ್ತಪೇಟೆಯ ಸೀರೆ ಅಂಗಡಿಗೆ ಕೆಲಸಕ್ಕೆ ಸೇರಿದಳು. ಆ ಓಣಿಗೆ ಲಾರಿ ನುಗ್ಗುವುದಿಲ್ಲ. ಮೂಟೆಗಳನ್ನು ದೊಡ್ಡ ರಸ್ತೆಯಲ್ಲಿ ಇಳಿಸಿ ಹೆಗಲ ಮೇಲೆ ಹೊತ್ತು ತರಬೇಕು. ಹಾಗೆ ಹೊತ್ತು ತರುತ್ತಿದ್ದವರಲ್ಲಿ ಶಶಿಕುಮಾರ್ ಒಬ್ಬ. ಡ್ರೈವರೂ ಅವನೇ, ಹಮಾಲಿಯೂ ಅವನೇ. ಮೂಟೆ ಇಳಿಸಿ ನೀರು ಕೇಳುವವನು. ಎಷ್ಟು ನೀರು ಕುಡಿದರೂ ಅವನ ಬಾಯಾರಿಕೆ ತೀರುತ್ತಿರಲಿಲ್ಲ ಎಂದು ಅಂಗಡಿಯ ಹುಡುಗಿಯರು ಬಿಂದುವನ್ನು ಕಿಚಾಯಿಸುತ್ತಿದ್ದರು.

ಎರಡೂ ಮನೆಯವರು ಒಪ್ಪಿಯೇ ಮದುವೆಯಾಯಿತು. ಶಶಿಯ ತಾಯಿ ಮುನಿಲಕ್ಷ್ಮಮ್ಮ ನೆಲಮಂಗಲದ ಕಡೆಯ ರೈತರ ಮಗಳು. ಗಂಡ ದೊಡ್ಡಬೈರಪ್ಪ ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊತ್ತು ಬೆನ್ನು ಮುರಿದುಕೊಂಡು ಸತ್ತ ಮೇಲೆ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೊಪ್ಪು ಮಾರಿ ಒಬ್ಬನೇ ಮಗನನ್ನು ಬೆಳೆಸಿದವಳು. ಸೊಸೆಯ ಎದುರಿಗೆ ಗದರುತ್ತಿದ್ದಳು, ಪಕ್ಕದ ಮನೆಯವರ ಎದುರಿಗೆ ಹೊಗಳುತ್ತಿದ್ದಳು. ಯಶಶ್ರೀ ಹುಟ್ಟಿದ ವರ್ಷವೇ ಶಶಿ ಸಾಲ ಮಾಡಿ ಕ್ಯಾಂಟರ್ ಕೊಂಡ. ಲಾರಿಗಿಂತ ಚಿಕ್ಕದು, ಟೆಂಪೋಗಿಂತ ದೊಡ್ಡದು. ಮುಂದಿನ ಗಾಜಿನ ಮೇಲೆ ಹಳದಿ ಅಕ್ಷರದಲ್ಲಿ ಮಗಳ ಹೆಸರು ಬರೆಸಿದ. ಬಸವನಗುಡಿ, ವಿಶ್ವೇಶ್ವರಪುರಂ ಕಡೆಯ ಛತ್ರಗಳಿಗೆ ಶಾಮಿಯಾನದ ಕಂಬ, ಕುರ್ಚಿ, ಅಡುಗೆಯ ಹಂಡೆ ಕೊಪ್ಪರಿಗೆ ಸಾಗಿಸುವ ಕೆಲಸ ಹಿಡಿದ. ಬಿಂದು ಅಂಗಡಿ ಬಿಟ್ಟು ಮನೆಯಲ್ಲೇ ಸೀರೆಗಳಿಗೆ ಕುಚ್ಚು ಕಟ್ಟತೊಡಗಿದಳು. ಒಂದು ಮದುವೆಗೆ ಅವನು ಹಂಡೆ ಹೊರುತ್ತಿದ್ದರೆ, ಅದೇ ಮದುವೆಯ ಹೆಣ್ಣಿನ ಸೀರೆಗೆ ಇವಳು ಕುಚ್ಚು ಕಟ್ಟಿರುತ್ತಿದ್ದದ್ದೂ ಉಂಟು. "ನಾವಿಬ್ರೂ ಇಲ್ದೆ ಈ ಊರಲ್ಲಿ ಒಂದು ಮದ್ವೆ ಆಗಲ್ಲ ಕಣೇ," ಎಂದು ಅವನು ಜಂಬ ಕೊಚ್ಚುತ್ತಿದ್ದ.

ಗಾಡಿಯ ಗೇರ್‌ಬಾಕ್ಸಿನ ಪಕ್ಕಕ್ಕೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸ್ವಿಚ್ಚು ಇರುತ್ತದೆ. ಗೇರು ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಗಾಡಿ ಸ್ಟಾರ್ಟ್ ಆಗಲು ಬಿಡುವುದು, ಇಲ್ಲದಿದ್ದರೆ ತಡೆಯುವುದು ಅದರ ಕೆಲಸ. ಒಂದು ಶ್ರಾವಣದಲ್ಲಿ ಶಶಿಯ ಗಾಡಿಯದು ಒಡೆದುಹೋಯಿತು. ಸ್ವಿಚ್ಚು ಸತ್ತರೆ ನ್ಯೂಟ್ರಲ್‌ನಲ್ಲಿದ್ದರೂ ಗಾಡಿ ಜಪ್ಪಯ್ಯ ಅನ್ನುವುದಿಲ್ಲ. ಶಶಿ ನಾಲ್ಕು ಜನರಿಂದ ಗಾಡಿ ತಳ್ಳಿಸಿ ಸ್ಟಾರ್ಟ್ ಮಾಡಿಕೊಂಡು ಚಾಮರಾಜಪೇಟೆಯ ಶೀನಣ್ಣನ ಬಳಿ ಹೋದ.

ಶೀನಣ್ಣ ಗಾಡಿಗಳ ಎಲೆಕ್ಟ್ರಿಷಿಯನ್. ಅವನ ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಅಣ್ಣ ಸಂಸ್ಕೃತದ ಮೇಷ್ಟ್ರು. ಇವನೊಬ್ಬ ಹುಡುಗನಾಗಿದ್ದಾಗಿನಿಂದ ಡೈನಮೋ ಬಿಚ್ಚುತ್ತ ಕೂತು, ಕಡೆಗೆ ಮನೆಯ ಮುಂದಿನ ಕೊಠಡಿಯನ್ನೇ ಅಂಗಡಿ ಮಾಡಿಕೊಂಡಿದ್ದ. ಅರವತ್ತು ದಾಟಿದ್ದರೂ ಎಲ್ಲರಿಗೂ ಅವನು ಶೀನಣ್ಣನೇ. ಮಾರನೆಯ ದಿನ ಮುಹೂರ್ತದ ಲೋಡು ಇತ್ತು, ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲೂ ಸ್ವಿಚ್ಚು ಸಿಗಲಿಲ್ಲ. ಶಶಿ ಅಂಗಲಾಚಿದ. ಶೀನಣ್ಣ ಎರಡು ವೈರುಗಳನ್ನು ಒಂದಕ್ಕೊಂದು ಹೆಣೆದು ಟೇಪು ಸುತ್ತಿದ. ತಡೆಯುವವನು ಇಲ್ಲದಂತಾಯಿತು, ಈಗ ಗೇರು ಎಲ್ಲಿದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ.

"ಎರಡು ದಿನದ ಮಟ್ಟಿಗೆ ಮಾತ್ರ ಇದು. ಗೇರಲ್ಲಿ ನಿಲ್ಲಿಸ್ಬೇಡ ಶಶಿ. ಪಾರ್ಟು ತರಿಸ್ತೀನಿ, ಬಂದ್ಬಿಡು," ಅಂದಿದ್ದ.

ಪಾರ್ಟು ಬಂತು. ಶೀನಣ್ಣ ಫೋನು ಮಾಡಿದ. "ಮುಹೂರ್ತಗಳು ಮುಗೀಲಿ ಶೀನಣ್ಣ, ಬರ್ತೀನಿ," ಅಂದ ಶಶಿ. ಮತ್ತೊಂದು ಸಲ ಮಾಡಿದಾಗಲೂ ಅದೇ ಮಾತು. ಈ ವಿಷಯವನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಹೇಳುವಂಥದ್ದು ಎಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ.

ಗೌರಿ ಹಬ್ಬ ಹತ್ತಿರ ಬಂದಿತ್ತು. ಬಾಗಿನದ ಸಾಮಾನು ತರಲು ಗಾಂಧಿ ಬಜಾರಿಗೆ ಹೋಗಬೇಕೆಂದು ಬಿಂದು ಗಾಡಿ ಹತ್ತಿದಳು. ದಾರಿಯಲ್ಲಿ ವಿಶ್ವೇಶ್ವರಪುರಂನ ಒಂದು ಛತ್ರದಲ್ಲಿ ಹಂಡೆಗಳನ್ನು ಇಳಿಸಬೇಕಿತ್ತು. ಛತ್ರದ ಹಿಂದಿನ ಓಣಿ ಇಳಿಜಾರು; ಓಣಿಯ ಕೊನೆಗೆ ಕಲ್ಲಿನ ಗೋಡೆ. ಹ್ಯಾಂಡ್‌ಬ್ರೇಕು ಸ್ವಲ್ಪ ಸಡಿಲ ಇದ್ದದ್ದರಿಂದ ಶಶಿ ರೂಢಿಯಂತೆ ಗಾಡಿಯನ್ನು ಫಸ್ಟ್ ಗೇರಿಗೆ ಹಾಕಿ ಇಳಿದ. ಹಂಡೆ ಇಳಿಸಿದ್ದಾಯಿತು. ಹೊರಡುವ ಮುಂಚೆ ಒಂದು ಕಡೆಯ ಹೆಡ್‌ಲೈಟು ಉರಿಯುತ್ತಿಲ್ಲವೆಂಬುದು ಅವನಿಗೆ ನೆನಪಾಗಿ ಗಾಡಿಯ ಮುಂದೆ, ಗೋಡೆಗೂ ಬಂಪರಿಗೂ ನಡುವೆ ಹೋಗಿ ನಿಂತ.

"ಬಿಂದು, ಕೀ ಸ್ವಲ್ಪ ತಿರುಗ್ಸು. ಲೈಟ್ ಬರ್ತದಾ ನೋಡ್ತೀನಿ."

ಹೀಗೆ ಅವನು ಎಷ್ಟು ಸಲ ಕರೆದಿಲ್ಲ, ಅವಳು ಎಷ್ಟು ಸಲ ತಿರುಗಿಸಿಲ್ಲ. ತನ್ನ ಸೀಟಿನಿಂದ ಬಾಗಿ ಕೀ ತಿರುಗಿಸಿದಳು. ತಿರುಗಬೇಕಾದದ್ದಕ್ಕಿಂತ ಎಳ್ಳಷ್ಟು ಹೆಚ್ಚು ತಿರುಗಿತು. ಗಾಡಿ ಗುರ್ರೆಂದು ಮುಂದಕ್ಕೆ ಹಾರಿತು.

ಛತ್ರದ ಅಡುಗೆಯವರು ಓಡಿ ಬಂದು ಗಾಡಿಯನ್ನು ಹಿಂದಕ್ಕೆ ತಳ್ಳುವ ಹೊತ್ತಿಗೆ ಶಶಿಯ ಉಸಿರು ಇನ್ನೂ ಇತ್ತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಯಿತು.

ಗಾಡಿಯನ್ನು ಪರೀಕ್ಷಿಸಿದ ಇನ್‌ಸ್ಪೆಕ್ಟರು ಕೆಳಗಿನಿಂದ ಎದ್ದು ಬಂದು, "ನ್ಯೂಟ್ರಲ್ ಸ್ವಿಚ್ ಸರಿಯಿದ್ದಿದ್ರೆ ಇದು ಸ್ಟಾರ್ಟೇ ಆಗ್ತಿರ್ಲಿಲ್ಲಮ್ಮ," ಎಂದಾಗಲೇ ಅಂಥದೊಂದು ವಸ್ತು ಇದೆಯೆಂದು ಬಿಂದುವಿಗೆ ಗೊತ್ತಾದದ್ದು. ಕೇಸು ಅವಳ ಮೇಲೆಯೇ ಆಯಿತು. ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಕಡೆಗೆ ಬಿಡುಗಡೆಯಾಗುವ ಹೊತ್ತಿಗೆ ಎರಡು ಮಳೆಗಾಲ ಕಳೆದಿದ್ದವು. ಯಾರೂ ಅವಳನ್ನು ಬೈಯಲಿಲ್ಲ. ಸ್ಟೇಷನ್ನಿನವರು ಬೈಯಲಿಲ್ಲ, ನ್ಯಾಯಾಧೀಶರು ಬೈಯಲಿಲ್ಲ. ಬೈಯಬೇಕೆನ್ನಿಸಿದ ನೆಂಟರೆಲ್ಲ ಚಾಮರಾಜಪೇಟೆಗೆ ಹೋಗಿ ಶೀನಣ್ಣನ ಅಂಗಡಿಯ ಮುಂದೆ ಕೂಗಾಡಿ ಬಂದರು. ಶೀನಣ್ಣ ಎದುರು ಮಾತಾಡಲಿಲ್ಲವಂತೆ. ಆ ಮೇಲೆ ಬಹಳ ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲವಂತೆ. ತೆರೆದ ಮೇಲೂ ಲಾರಿ, ಕ್ಯಾಂಟರ್ ಬಂದರೆ ಮುಟ್ಟದೆ, ಸ್ಕೂಟರು, ಆಟೋಗಳನ್ನಷ್ಟೇ ನೋಡುತ್ತಿದ್ದನಂತೆ.

ಮುನಿಲಕ್ಷ್ಮಮ್ಮ ಸೊಸೆಯನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಹಾಗೆ ಹಾಕು ಎಂದವರನ್ನು ಅವಳೇ ಹೊರಗೆ ಹಾಕಿದಳು. ಆದರೆ ಆ ದಿನದ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಸೊಪ್ಪಿನ ಬುಟ್ಟಿ ಇಳಿಸಿ, ಕಾಲು ತೊಳೆದು, ಇಬ್ಬರಿಗೂ ಮುದ್ದೆ ತೊಳಸಿ, ಬಿಂದುವಿನ ತಟ್ಟೆಗೆ ಹಾಕಿ, ತನ್ನ ತಟ್ಟೆ ಹಿಡಿದು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಕೇಳಿದ್ದರೆ, ಬೈದಿದ್ದರೆ, ಕೂದಲು ಹಿಡಿದು ಎಳೆದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಬಿಂದುವಿಗೆ ಅನ್ನಿಸುತ್ತಿತ್ತು.

ಕುಚ್ಚು ಕಟ್ಟುವುದೂ ನಿಂತುಹೋಯಿತು. ದಾರದ ಗಂಟು ಬಿಗಿಯುವಾಗ ಹೆಬ್ಬೆರಳು ತೋರುಬೆರಳು ಸೇರಿ ಒಂದಿಷ್ಟು ತಿರುಚಬೇಕು. ಆ ತಿರುಚುವುದು ಅವಳ ಕೈಯಿಂದ ಆಗುತ್ತಿರಲಿಲ್ಲ. ಮನೆಯ ಬೀಗ ತೆಗೆಯಲೂ ಮಗಳನ್ನು ಕರೆಯುತ್ತಿದ್ದಳು.

ಯಶಶ್ರೀ ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಸ್ಕೂಲಿನಿಂದ ಬಂದು, ಬ್ಯಾಗನ್ನೂ ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದಳು: "ಅಮ್ಮ, ಕೀ ತಿರುಗ್ಸಿದ್ದು ನೀನಾ?"

ಸುಳ್ಳು ಹೇಳಬಹುದಿತ್ತು. ಬಿಂದು ಹೇಳಲಿಲ್ಲ. "ಹೂಂ ಮಗಳೇ. ನಾನೇ."

ಮಗು ಬ್ಯಾಗು ಇಳಿಸಿ ಒಳಗೆ ಹೋಯಿತು. ಆ ರಾತ್ರಿ ತನ್ನ ದಿಂಬು ಎತ್ತಿಕೊಂಡು ಹೋಗಿ ಅಜ್ಜಿಯ ಪಕ್ಕ ಮಲಗಿತು. ಮಾರನೆಯ ರಾತ್ರಿ, ಯಾರೂ ಕರೆಯದಿದ್ದರೂ, ಅದೇ ದಿಂಬು ಎತ್ತಿಕೊಂಡು ತಾಯಿಯ ಪಕ್ಕಕ್ಕೆ ವಾಪಸು ಬಂತು. ಆ ಎರಡು ರಾತ್ರಿಗಳ ನಡುವಿನ ಒಂದು ಹಗಲನ್ನು ಬಿಂದು ಹೇಗೆ ಕಳೆದಳೋ ದೇವರಿಗೇ ಗೊತ್ತು.

ಇಂಥ ಗಾಡಿಯನ್ನು ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಸ್ಟೇಷನ್ನಿನ ಅಂಗಳದಿಂದ ಬಿಡಿಸಿ ತಂದು ರೈಲ್ವೆ ಗೋಡೆಯ ಪಕ್ಕ ನಿಲ್ಲಿಸಿದಾಗ, ಬೀದಿಯ ನಾಯಿಗಳು ಅದರ ನೆರಳಲ್ಲಿ ಮಲಗತೊಡಗಿದವು. ಮಾರುವುದೆಂದು ಅವಳೇ ತೀರ್ಮಾನಿಸಿದಳು. ಆದರೆ ಆ ಎರಡು ವೈರುಗಳು ಅಲ್ಲಿ ಹಾಗೆಯೇ ಹೆಣೆದುಕೊಂಡಿವೆ ಎಂಬ ಯೋಚನೆ ಅವಳ ನಿದ್ದೆ ಕೆಡಿಸಿತು. ಕೊಂಡವನಿಗೂ ಹೆಂಡತಿ ಇರುತ್ತಾಳೆ, ಮಕ್ಕಳಿರುತ್ತಾರೆ. ಅವನೂ ಒಂದು ದಿನ ಗಾಡಿಯ ಮುಂದೆ ನಿಂತು ಯಾರನ್ನೋ ಕೂಗುತ್ತಾನೆ.

ಕುಶಾಲ್ ಬಂದುಹೋದ ಮಾರನೆಯ ದಿನ ಅವಳು ಚಾಮರಾಜಪೇಟೆಗೆ ಹೋದಳು. ಬೇರೆ ಎಲೆಕ್ಟ್ರಿಷಿಯನ್‌ಗಳು ಇರಲಿಲ್ಲವೆಂದಲ್ಲ. ಕಾಲು ಅಲ್ಲಿಗೇ ನಡೆಯಿತು.

ಶೀನಣ್ಣ ಒಂದು ಆಟೋದ ಹಾರ್ನು ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ನೋಡಿದವನೇ ಎದ್ದು ನಿಂತ. ಬಯ್ಯಿಸಿಕೊಳ್ಳಲು ತಯಾರಾದವನ ಹಾಗೆ ಕೈಗಳನ್ನು ಇಳಿಬಿಟ್ಟು ನಿಂತ.

"ಗಾಡಿ ಮಾರ್ತಿದೀನಿ," ಅಂದಳು ಬಿಂದು. "ಅದಕ್ಕೆ ಮುಂಚೆ ಸ್ವಿಚ್ ಹಾಕಿಸ್ಬೇಕು. ನೀವೇ ಹಾಕ್ಬೇಕು."

"ನಾನು ಈಗ ದೊಡ್ಡ ಗಾಡಿ ಮುಟ್ತಿಲ್ಲಮ್ಮ."

"ಗೊತ್ತು. ಆದ್ರೂ ನೀವೇ ಹಾಕ್ಬೇಕು."

ಶೀನಣ್ಣ ಹಾರ್ನನ್ನು ಬದಿಗಿಟ್ಟ. ಆಮೇಲೆ ಒಳಗೆ ಹೋಗಿ ಒಂದು ಸಣ್ಣ ರಟ್ಟಿನ ಡಬ್ಬಿ ತಂದ. ಡಬ್ಬಿಯ ಸೀಲು ಹಾಗೇ ಇತ್ತು. "ಪಾರ್ಟು ತರಿಸೋದೇನೂ ಬೇಕಿಲ್ಲ. ಅವನಿಗೇ ಅಂತ ತರಿಸಿದ್ದು ಇದು. ಆಗಿಂದ ಇಲ್ಲೇ ಇದೆ. ವಾಪಸ್ ಕೊಡೋಕೂ ಮನಸ್ಸು ಬರ್ಲಿಲ್ಲ, ಬೇರೆ ಗಾಡಿಗೆ ಹಾಕೋಕೂ ಆಗ್ಲಿಲ್ಲ."

ಅವಳು ಡಬ್ಬಿಯನ್ನು ಮುಟ್ಟಲಿಲ್ಲ. "ನಾಡಿದ್ದು ಗಾಡಿ ತರಿಸ್ತೀನಿ," ಅಂದು ಬಸ್ ಸ್ಟಾಪಿಗೆ ನಡೆದಳು.

ಗುರುವಾರ ಮಧ್ಯಾಹ್ನ ಕುಶಾಲ್ ಗಾಡಿಯನ್ನು ತಂದು ಶೀನಣ್ಣನ ಮನೆಯ ಮುಂದೆ ನಿಲ್ಲಿಸಿದ. ಬಿಂದು ಬಸ್ಸಿನಲ್ಲಿ ಬಂದಳು. ಆ ಗಾಡಿಯೊಳಗೆ ಅವಳು ಕೂರುವುದಿಲ್ಲ. ಗಾಡಿ ತೆಗೆಯುವಾಗ ಬೀದಿಯವರು ಯಾರೋ ಕುಶಾಲ್‌ಗೆ ಎಲ್ಲ ಹೇಳಿರಬೇಕು, ಅವನು ಅವಳ ಮುಖ ನೋಡಲಾರದೆ ಪದೇ ಪದೇ ಮೊಬೈಲು ತೆಗೆದು ನೋಡುತ್ತಿದ್ದ.

ಶೀನಣ್ಣ ನಾಲ್ಕೂ ಕಡೆ ಚಕ್ರಗಳಿಗೆ ಕಲ್ಲು ಕೊಟ್ಟ. ಬ್ಯಾಟರಿಯ ವೈರು ಬಿಚ್ಚಿದ. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರಿದ. ಬಿಂದು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಅವನ ಸವೆದ ಚಪ್ಪಲಿಗಳಷ್ಟೇ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಪಾನಾ ಜಾರುವ, ಮತ್ತೆ ಹಿಡಿಯುವ ಶಬ್ದ. ಒಡೆದ ಸ್ವಿಚ್ಚು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಹಳ ಹೊತ್ತಿನ ಮೇಲೆ ಅದು ಸಡಿಲಗೊಂಡಿತು, ಗೋಣಿಯ ಮೇಲೆ ಒಂದಿಷ್ಟು ಗೇರ್ ಆಯಿಲ್ ಸುರಿಯಿತು. ಶೀನಣ್ಣ ಕೈಯೊಂದನ್ನು ಹೊರಗೆ ಚಾಚಿ ಅದನ್ನು ನೆಲದ ಮೇಲಿಟ್ಟ. ಆಮೇಲೆ ಇನ್ನೊಂದು ಸಲ ಕೈ ಚಾಚಿದಾಗ ಎರಡು ತುಂಡು ವೈರು, ಅಂಟಂಟಾದ ಕಪ್ಪು ಟೇಪು ಸುತ್ತಿದ್ದು, ಅದರ ಪಕ್ಕಕ್ಕೆ ಬಿತ್ತು.

ಬಿಂದು ಅದನ್ನೇ ನೋಡಿದಳು. ಇಷ್ಟೇನಾ? ಅವಳು ಈ ಎರಡು ವರ್ಷ ಅದನ್ನು ಏನೇನೋ ಎಂದು ಕಲ್ಪಿಸಿಕೊಂಡಿದ್ದಳು. ಗೇಣುದ್ದ ವೈರು, ಒಂದು ಗಂಟು. ತಾನು ದಿನಕ್ಕೆ ನೂರಾರು ಹಾಕುತ್ತಿದ್ದಂಥದೇ ಗಂಟು.

ಹೊಸ ಸ್ವಿಚ್ಚನ್ನು ಹೊಸ ವಾಷರ್ ಹಾಕಿ ಬಿಗಿದು, ವೈರುಗಳಿಗೆ ಹೊಸ ಸಾಕೆಟ್ಟು ಕೂರಿಸಿ ಶೀನಣ್ಣ ಹೊರಗೆ ಬಂದ. ಬ್ಯಾಟರಿ ಜೋಡಿಸಿದ. ಒಳಗೆ ಹತ್ತಿ ಗೇರು ಹಾಕಿ ಕೀ ತಿರುಗಿಸಿದ: ಶಬ್ದವಿಲ್ಲ. ನ್ಯೂಟ್ರಲ್‌ಗೆ ತಂದು ತಿರುಗಿಸಿದ: ಎಂಜಿನ್ ಎದ್ದಿತು. ಮತ್ತೆ ಗೇರು, ಮತ್ತೆ ಮೌನ.

"ಆಯ್ತಮ್ಮ," ಅಂದ ಇಳಿದು. "ಇನ್ನು ಇದು ಗೇರಲ್ಲಿದ್ದಾಗ ಏಳಲ್ಲ."

"ನಾನೊಂದ್ಸಲ ನೋಡ್ಬೇಕು," ಅಂದಳು ಬಿಂದು.

ಆ ಮಾತು ಅವಳ ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಬಾಗಿಲು ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಳು. ಒಳಗೆ ಹಳೆಯ ವಾಸನೆ ಹಾಗೇ ಇತ್ತು: ಡೀಸೆಲ್ಲು, ಅಗರಬತ್ತಿ, ಬೆವರು. ಅಂದು ಕೂತ ಸೀಟಿನಲ್ಲೇ ಕೂತಳು. ಶೀನಣ್ಣ ಆಚೆ ಬಾಗಿಲಿನಿಂದ ಕೈ ಹಾಕಿ ಫಸ್ಟ್ ಗೇರಿಗೆ ತಳ್ಳಿದ. ಕೀ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಕೈ ಮೇಲೇಳಲಿಲ್ಲ.

ಅಷ್ಟರಲ್ಲಿ ಗಾಜಿನಾಚೆ ಬೆಳ್ಳಗಿನ ತಲೆಯೊಂದು ಕಾಣಿಸಿತು. ಶೀನಣ್ಣ ಗಾಡಿಯ ಮುಂದಕ್ಕೆ ಹೋಗಿ, ಎರಡೂ ಅಂಗೈಗಳನ್ನು ಬಂಪರಿನ ಮೇಲಿಟ್ಟು ನಿಂತಿದ್ದ.

"ತಿರುಗ್ಸಿಯಮ್ಮ," ಅಂದ. "ಹೆದರ್ಬೇಡಿ. ಕೆಲಸ ನಂದು. ನಾನ್ ನಿಲ್ದೆ ಇನ್ಯಾರು ನಿಲ್ಬೇಕು ಇಲ್ಲಿ?"

"ಏ ಸಾರ್, ಏನ್ ಮಾಡ್ತಿದೀರಾ ನೀವು!" ಎಂದು ಕುಶಾಲ್ ಓಡಿ ಬಂದ.

ಶೀನಣ್ಣ ಅಲುಗಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ. ಸ್ವಿಚ್ಚು ಸರಿಯಾಗಿದೆಯೆಂದು ಅವನಿಗೆ ಗೊತ್ತಿತ್ತು. ಆದರೂ ಅವನ ಮುಖ ಬಿಳಿಚಿಕೊಂಡಿತ್ತು. ಅವನಿಗೆ ಬೇಕಾದದ್ದು ಏನೆಂದು ಬಿಂದುವಿಗೆ ಆ ಕ್ಷಣ ಅರ್ಥವಾಯಿತು. ಅರ್ಥವಾದದ್ದೇ ಎಲ್ಲಿತ್ತೋ ಅಷ್ಟು ಸಿಟ್ಟು, ಎರಡು ವರ್ಷ ಯಾರ ಮೇಲೂ ಬಾರದೆ ಉಳಿದ ಸಿಟ್ಟು, ನೆತ್ತಿಗೇರಿತು.

"ಸರೀರಿ ಅಲ್ಲಿಂದ!" ಅವಳು ಕಿರುಚಿದಳು. "ಸರೀರಿ ಅಂದೆ! ನಿಮ್ಮ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ನನ್ನ ಕೈಲಿ ಇನ್ನೊಂದ್ಸಲ ತಿರುಗಿಸ್ಬೇಡಿ! ಅಲ್ಲಿ ಯಾರೂ ನಿಲ್ಲೋದು ಬೇಡ. ಯಾವತ್ತೂ ಬೇಡ!"

ಪಕ್ಕದ ಮನೆಯ ಕಿಟಕಿಗಳು ತೆರೆದವು. ಶೀನಣ್ಣ ಕಣ್ಣು ತೆರೆದು, ಹೊಡೆತ ತಿಂದವನಂತೆ ಹಿಂದೆ ಸರಿದು, ಮೆಟ್ಟಿಲ ಹತ್ತಿರ ಹೋಗಿ ಕುಸಿದು ಕೂತ.

ಈಗ ಗಾಜಿನಾಚೆ ಖಾಲಿ ರಸ್ತೆ. ಮಧ್ಯಾಹ್ನದ ಬಿಸಿಲು, ಆಚೆ ಮನೆಯ ಮುಂದಿನ ಅಳಿಸಿಹೋದ ರಂಗೋಲಿ, ಅಷ್ಟೇ. ಬಿಂದು ಬಲಗೈ ಚಾಚಿ ಕೀ ತಿರುಗಿಸಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಮತ್ತೆ, ಮತ್ತೆ, ಎಷ್ಟು ತಿರುಗಬಲ್ಲದೋ ಅಷ್ಟೂ ತಿರುಗಿಸಿದಳು. ಗಾಡಿ ಕಲ್ಲಿನ ಬಸವನ ಹಾಗೆ ಸುಮ್ಮನೆ ನಿಂತಿತ್ತು.

"ಅವತ್ತು ಹಿಂಗೇ ಸುಮ್ನಿದ್ದಿದ್ರೆ," ಅಂದಳು. "ಹಿಂಗೇ ಸುಮ್ನಿದ್ದಿದ್ರೆ ಏನಾಗ್ತಿತ್ತು ನಿಂಗೆ?"

ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ತಲೆಯಿಟ್ಟು ಅತ್ತಳು. ಕೋರ್ಟಿನಲ್ಲಿ ಅತ್ತಿರಲಿಲ್ಲ, ತಿಥಿಯ ದಿನ ಅತ್ತಿರಲಿಲ್ಲ. ಕುಶಾಲ್ ಬಾಗಿಲ ಬಳಿ ನೀರಿನ ಬಾಟಲು ಹಿಡಿದು, ಕೊಡಲೋ ಬೇಡವೋ ಎಂದು ನಿಂತೇ ಇದ್ದ.

ಅವಳು ಇಳಿದು ಬಂದಾಗ ಶೀನಣ್ಣ ತಲೆಯೆತ್ತಲಿಲ್ಲ. ಬಿಂದು ಅವನೆದುರು ನಿಂತಳು. ಏನಾದರೂ ಹೇಳಬೇಕಿತ್ತು. ನಿಮ್ಮ ತಪ್ಪಲ್ಲ ಎನ್ನಲು ಬಾಯಿ ಬರಲಿಲ್ಲ, ನಿಮ್ಮದೇ ತಪ್ಪು ಎನ್ನಲೂ ಬರಲಿಲ್ಲ. "ನೀವು ಎರಡು ಸಲ ಫೋನ್ ಮಾಡಿದ್ರಂತೆ ಅವರಿಗೆ. ಕೋರ್ಟಲ್ಲಿ ಗೊತ್ತಾಯ್ತು," ಅಂದಳು ಕೊನೆಗೆ.

"ಮೂರನೇ ಸಲ ಮಾಡ್ಬೇಕಿತ್ತು," ಅಂದ ಶೀನಣ್ಣ.

ಕುಶಾಲ್ ಕಲ್ಲುಗಳನ್ನು ತೆಗೆದು, ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದು, ಯಶಶ್ರೀಯ ಹೆಸರು ಬರೆದ ಗಾಜಿನ ಸಮೇತ ರಸ್ತೆಯ ತಿರುವಿನಲ್ಲಿ ಮರೆಯಾದ.

ಮನೆಗೆ ಬಂದಾಗ ಸಂಜೆಯಾಗಿತ್ತು. ಯಶಶ್ರೀ ಟ್ಯೂಷನ್ನಿಗೆ ಹೋಗಿದ್ದಳು. ಮುನಿಲಕ್ಷ್ಮಮ್ಮ ಹೊಸಿಲಲ್ಲಿ ಕೂತು ಮಿಕ್ಕ ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಕೊಟ್ಬಂದ್ಯಾ?"

"ಕೊಟ್ಟೆ ಅತ್ತೆ. ಸ್ವಿಚ್ ಹಾಕ್ಸೇ ಕೊಟ್ಟೆ."

"ಒಳ್ಳೇದಾಯ್ತು ಬಿಡು. ಆ ಹುಡುಗುಂಗೂ ಹೆತ್ತೋರಿರ್ತಾರೆ."

ಬಿಂದು ಕಾಲು ತೊಳೆದು ಬಂದು ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಬಿಡಿಸಿದರು. ಗೋಡೆಯಾಚೆ ರೈಲು ಹೋಯಿತು. ಅದರ ಸದ್ದು ಅಡಗಿದ ಮೇಲೆ ಮುನಿಲಕ್ಷ್ಮಮ್ಮ, ಕೈಯಲ್ಲಿನ ದಂಟನ್ನೇ ನೋಡುತ್ತ, ಎರಡು ವರ್ಷದಿಂದ ಕೇಳದೆ ಇಟ್ಟುಕೊಂಡದ್ದನ್ನು ಕೇಳಿದಳು.

"ಅವುನು ಏನಾರ ಅಂದ್ನಾ ಬಿಂದು? ಕೊನೇಲಿ?"

ಬಿಂದುವಿನ ಕೈ ನಿಂತಿತು. ಪೊಲೀಸರು ಇದನ್ನು ಕೇಳಿದ್ದರು, ವಕೀಲರು ಕೇಳಿದ್ದರು. ಗೊತ್ತಿಲ್ಲ, ನೆನಪಿಲ್ಲ ಎಂದಿದ್ದಳು. ಸುಳ್ಳು ಹೇಳಿದ್ದಳು.

"ಅಂದ್ರು ಅತ್ತೆ. 'ಹಿಂದಕ್ಕೆ ತಗಿ ಬಿಂದು, ಹಿಂದಕ್ಕೆ ತಗಿ' ಅಂದ್ರು." ಅವಳು ಕೈಯಲ್ಲಿದ್ದ ಸೊಪ್ಪನ್ನು ಮೊರದಲ್ಲಿಟ್ಟಳು. "ನನ್ನನ್ನೇ ನೋಡ್ತಿದ್ರು ಗಾಜಲ್ಲಿ. ನಂಗೆ ಹಿಂದಕ್ಕೆ ತೆಗಿಯೋಕೆ ಬರ್ತಿರ್ಲಿಲ್ಲ ಅತ್ತೆ. ರಿವರ್ಸ್ ಎಲ್ಲಿ ಬರ್ತದೆ ಅಂತ್ಲೇ ಗೊತ್ತಿರ್ಲಿಲ್ಲ. ಏನ್ ಮುಟ್ಟಿದ್ರೆ ಇನ್ನೇನಾಗ್ತದೋ ಅಂತ ಕೈ ಕಟ್ಕೊಂಡು ಕೂತ್ಬಿಟ್ಟೆ. ಅವ್ರು ಹೇಳ್ತಾನೇ ಇದ್ರು. ನಾನು ಕೂತೇ ಇದ್ದೆ."

ಮುನಿಲಕ್ಷ್ಮಮ್ಮನ ಮಡಿಲಿನಿಂದ ಸೊಪ್ಪು ಜಾರಿ ಕೆಳಗೆ ಹರಡಿತು. ಮುದುಕಿ ಅದನ್ನು ಎತ್ತಿಕೊಳ್ಳದೆ ಅಂದಳು:

"ಕಲಿಸ್ಬೇಕಿತ್ತು ಅವುನು ನಿಂಗೆ. ಹೆಂಡ್ತೀನ ಪಕ್ಕದಾಗೆ ಕೂರುಸ್ಕೊಂಡು ಊರೆಲ್ಲ ಸುತ್ತುಸ್ದ. ಒಂದಿನ ಕಲಿಸ್ಬೇಕು ಅನ್ನುಸ್ಲಿಲ್ವಾ ಅವುನ್ಗೆ?"

ಮಗ ಸತ್ತ ಮೇಲೆ ಅವನ ಮೇಲೆ ಅವಳು ಹೊರಿಸಿದ ಮೊದಲ ದೂರು ಅದು. ಹೊರಿಸಿದವಳೇ ಸೆರಗನ್ನು ಬಾಯಿಗೆ ತುರುಕಿಕೊಂಡು, ಮೈಯೆಲ್ಲ ಅಲುಗುವ ಹಾಗೆ ಅಳತೊಡಗಿದಳು. ಬಿಂದು ಅವಳ ಕಡೆ ಸರಿದಳು. ಅಪ್ಪಿಕೊಳ್ಳಲು ಧೈರ್ಯ ಬಾರದೆ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಮುನಿಲಕ್ಷ್ಮಮ್ಮ ಆ ಕೈಯನ್ನು ತಳ್ಳಲಿಲ್ಲ. ಹಿಡಿದುಕೊಳ್ಳಲೂ ಇಲ್ಲ. ಅದು ಅಲ್ಲಿ ಇರಲಿ ಎಂಬಂತೆ ಬಿಟ್ಟಳು.

ಓಣಿಯ ತುದಿಯಲ್ಲಿ ಯಶಶ್ರೀ ಗೆಳತಿಯರೊಂದಿಗೆ ಬರುತ್ತಿರುವ ಸದ್ದು ಕೇಳಿಸಿತು. ಇಬ್ಬರೂ ಮುಖ ಒರೆಸಿಕೊಂಡರು. ಬಿಂದು ನೆಲದ ಮೇಲೆ ಹರಡಿದ್ದ ಸೊಪ್ಪನ್ನು ಬಳಿದು ಮೊರಕ್ಕೆ ಹಾಕಿ, ದೀಪ ಹಚ್ಚಲು ಒಳಗೆ ಹೋದಳು.